ಜಾಲತಾಣಗಳು ಹಗುರವಾಗಲಿ

ಮಾನ್ಯರೇ,

ಗೋಕರ್ಣ, ಯಾಣ, ಶಿರಸಿ ಕಡೆಯ ಹೋಂಸ್ಟೇಗಳ ಎಷ್ಟೋ ಜಾಲತಾಣಗಳು ಓಡುವ ಫೋಟೊ, ತಾನಾಗಿ ಶುರುವಾಗುವ ವಿಡಿಯೊಗಳಿಂದ ತುಂಬಿವೆ. ಸೆಕೆಂಡಿಗೆ 1 ಮೆಗಾಬಿಟ್ ವೇಗದಲ್ಲಿ 5 ಎಂಬಿ (ಅಂದರೆ 40 ಮೆಗಾಬಿಟ್) ಪುಟ ಇಳಿಯಲು 40 ಸೆಕೆಂಡು ಬೇಕು. ದೇವಿಮನೆ ಘಟ್ಟದಲ್ಲಿ ಸಿಗ್ನಲ್ ಹುಡುಕುವ ಪ್ರವಾಸಿಗೆ ಬೇಕಿರುವುದು ಫೋನ್ ನಂಬರ್, ದಾರಿ, ದರ ಮಾತ್ರ.

ಮೊಬೈಲಿನ 4,000 ಪಿಕ್ಸೆಲ್ ಅಗಲದ ಚಿತ್ರವನ್ನು ಹಾಗೆಯೇ ಏರಿಸುವುದೇ ದೊಡ್ಡ ತಪ್ಪು. ಪರದೆಯಲ್ಲಿ ಚಿಕ್ಕದಾಗಿ ಕಂಡರೂ ಇಳಿಯುವುದು ಪೂರ್ತಿ ಕಡತವೇ. 1,200 ಪಿಕ್ಸೆಲ್‌ಗೆ ಕುಗ್ಗಿಸಿ ವೆಬ್‌ಪಿ ಎಂಬ ಹಗುರ ಚಿತ್ರ ರೂಪದಲ್ಲಿ ಉಳಿಸಿದರೆ ತೂಕ ಹತ್ತಾರು ಪಟ್ಟು ಇಳಿಯುತ್ತದೆ. ಚಿತ್ರದ ಅಗಲ, ಎತ್ತರವನ್ನು ಕೋಡ್‌ನಲ್ಲಿ ನಮೂದಿಸಲೇಬೇಕು. ಇಲ್ಲದಿದ್ದರೆ ಚಿತ್ರ ಬಂದಾಗ ಪುಟ ಜಿಗಿದು, ಬೆರಳು ಬೇರೆಯದೇ ಕೊಂಡಿಯನ್ನು ಒತ್ತುತ್ತದೆ.

ಸರಳತೆಯ ಹೆಸರಿನಲ್ಲಿ ತೆಳು ಬೂದು ಅಕ್ಷರ ಹಾಕುವವರೂ ಇದ್ದಾರೆ. ಕಾರವಾರದ ಕಡಲತೀರದ ಬಿಸಿಲಿನಲ್ಲಿ ಅದನ್ನು ಓದಲಾಗದು. ಅಕ್ಷರಕ್ಕೂ ಹಿನ್ನೆಲೆಗೂ ಹೊಳಪಿನಲ್ಲಿ ಕನಿಷ್ಠ 4.5:1 ವ್ಯತ್ಯಾಸ (ಕಾಂಟ್ರಾಸ್ಟ್) ಇರಲಿ.

ಕನ್ನಡದ ಒತ್ತಕ್ಷರಗಳು ಕೆಳಗಿಳಿಯುತ್ತವೆ, ಹಾಗಾಗಿ ಸಾಲಿನ ಎತ್ತರ ಅಕ್ಷರದ ಗಾತ್ರದ 1.6 ಪಟ್ಟಾದರೂ ಬೇಕು. 1.2 ಇಟ್ಟರೆ ಸಾಲುಗಳು ಒಂದಕ್ಕೊಂದು ತಾಗಬಹುದು. ದಯವಿಟ್ಟು ದರಪಟ್ಟಿಯನ್ನು ಚಿತ್ರವಾಗಿ ಹಾಕಬೇಡಿ. ದೃಷ್ಟಿದೋಷವುಳ್ಳವರಿಗೆ ಪುಟವನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ತಂತ್ರಾಂಶಕ್ಕೆ ಅದು ಅಕ್ಷರವಾಗಿ ಸಿಗುವುದೇ ಇಲ್ಲ.

– ಜಾಲತಾಣ ವಿನ್ಯಾಸಕರು, ಶಿರಸಿ