ಕ್ಯಾಪ್ಟನ್ ಆದ ಮಗಳಿಗೊಂದು ಪತ್ರ

ಪುಟ್ಟೀ,

ಹೈಸ್ಕೂಲು ಹುಡುಗಿಯರ ಕ್ರಿಕೆಟ್ ತಂಡಕ್ಕೆ ನಿನ್ನನ್ನೇ ಕ್ಯಾಪ್ಟನ್ ಮಾಡಿದ್ದಾರೆ ಅಂದೆ. ತಂಡದಲ್ಲಿ ಎಷ್ಟು ಜನ ಅಂತ ಕೇಳಿದರೆ ಎಂಟು ಅಂದೆ! ಹಾಸ್ಟೆಲ್ ಫೋನಿನಲ್ಲಿ ಹೇಳಿದ್ದೆಲ್ಲ ಅರ್ಧಕ್ಕೇ ನಿಲ್ಲುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಜನ ಸೇರಿಸು. ಹನ್ನೊಂದು ಸಾಲದು, 15 ಬೇಕು. ಒಬ್ಬಳಿಗೆ ಜ್ವರ, ಒಬ್ಬಳಿಗೆ ಮುಟ್ಟಿನ ಹೊಟ್ಟೆನೋವು, ಇನ್ನೊಬ್ಬಳ ಮನೆಯಲ್ಲಿ ಹಬ್ಬ ಅಂದರೆ ಪಂದ್ಯದ ದಿನ ತಂಡವೇ ಇರುವುದಿಲ್ಲ. 'ಕ್ರಿಕೆಟ್ ಬರುತ್ತಾ' ಅಂತ ಕೇಳುತ್ತಾ ಹೋಗಬೇಡ, ಯಾರೂ ಕೈ ಎತ್ತುವುದಿಲ್ಲ. ಥ್ರೋಬಾಲ್ ಆಡುವವರ ಕೈಯಿಂದ ಚೆಂಡು ಜಾರುವುದು ಕಡಿಮೆ, ಅವರನ್ನು ಕ್ಯಾಚಿಗೆ ನಿಲ್ಲಿಸು. ಖೋಖೋ ಹುಡುಗಿಯರು ಬಗ್ಗಿದಲ್ಲೇ ತಿರುಗಿ ಓಡುತ್ತಾರೆ, ಬ್ಯಾಟರ್‌ನ ಎರಡೂ ಪಕ್ಕ ಸ್ವಲ್ಪ ಮುಂದಿರುವ ಕವರ್ ಮತ್ತು ಮಿಡ್‌ವಿಕೆಟ್ ಜಾಗ ಅವರದು. ಕಬಡ್ಡಿಯವರಿಗೆ ನೆಲಕ್ಕೆ ಬೀಳುವ ಭಯವಿಲ್ಲ, ಅವರಲ್ಲೊಬ್ಬಳು ಕೀಪರ್ ಆಗಬಹುದು. ಬ್ಯಾಟ್ ಹಿಡಿಯುವುದನ್ನು ಆಮೇಲೆ ಕಲಿಸಿದರಾಯಿತು.

ಮೈದಾನ ಹುಡುಗರದ್ದೇ ಆಗಿದೆ ಅಂತ ದೂರು ಹೇಳಿದರೆ ಹೆಡ್ಮಿಸ್ ತಲೆಯಾಡಿಸಿ ಸುಮ್ಮನಾಗುತ್ತಾರೆ. ದೂರಿನ ಬದಲು ಅರ್ಜಿ ಬರೆ. ಮಂಗಳವಾರ, ಶುಕ್ರವಾರ ಸಂಜೆ 4:15ರಿಂದ 5:30, ಮೈದಾನದ ಇಂಥ ಮೂಲೆ, ಜೊತೆಗಿರುವ ಟೀಚರ್ ಇಂಥವರು ಅಂತ ಬರೆದು ಪಿಟಿ ಮೇಷ್ಟ್ರ ಸಹಿ ಹಾಕಿಸಿ ಕೊಡು. ದಿನ, ಗಂಟೆ, ಜಾಗ ಇರುವ ಕಾಗದಕ್ಕೆ ಇಲ್ಲ ಅನ್ನುವುದು ಕಷ್ಟ. ಊರಿಂದ ಬಂದುಹೋಗುವ ಹುಡುಗಿಯರ ಮನೆಯವರು ಆಟಕ್ಕೆ ಬೇಡ ಅನ್ನುವುದಕ್ಕಿಂತ ಕತ್ತಲಿಗೆ ಹೆದರುವುದು ಹೆಚ್ಚು. ಕೊನೆಯ ಬಸ್ಸಿನ ಹೊತ್ತು ನೋಡಿಕೊಂಡು ಆಟ ನಿಲ್ಲಿಸು. ಒಂದು ದಿನ ತಡವಾದರೂ ಮಾರನೆ ವಾರ ಇಬ್ಬರು ಕಡಿಮೆಯಾಗುತ್ತಾರೆ.

ಚೆಂಡಿನ ವಿಷಯ ಗಮನವಿಟ್ಟು ಓದು. ಅಂಗಡಿಯಲ್ಲಿ ಲೆದರ್ ಬಾಲ್ ಅಂದರೆ ಗಂಡಸರದ್ದೇ ಕೊಡುತ್ತಾರೆ, ಅದು ಸುಮಾರು 156ರಿಂದ 163 ಗ್ರಾಂ. ಮಹಿಳೆಯರ ಚೆಂಡು 140ರಿಂದ 151 ಗ್ರಾಂ, ಸುತ್ತಳತೆಯೂ ಕಡಿಮೆ. ದೊಡ್ಡ ಚೆಂಡಿಗೆ ನಿಮ್ಮ ಬೆರಳು ಸುತ್ತುವುದಿಲ್ಲ. ಬೆರಳು ಸುತ್ತದಿದ್ದರೆ ಸ್ಪಿನ್ ಆಗುವುದಿಲ್ಲ, ಅಂಗೈಯಿಂದ ತಳ್ಳಿದ ಚೆಂಡು ಪುಟ ಬೀಳದೆ ನೇರ ಬ್ಯಾಟಿಗೆ ಹೋಗುವ ಫುಲ್‌ಟಾಸ್ ಆಗುತ್ತದೆ. ಅದನ್ನು ನೋಡಿ 'ಹುಡುಗಿಯರಿಗೆ ಬೌಲಿಂಗ್ ಬರಲ್ಲ' ಅನ್ನುವವರು ಇದ್ದೇ ಇರುತ್ತಾರೆ. ಮೊದಲ ತಿಂಗಳು ಟೆನಿಸ್ ಬಾಲ್ ಸಾಕು. ಹೆಲ್ಮೆಟ್, ಪ್ಯಾಡ್, ಗ್ಲೌಸ್ ಇಲ್ಲದೆ ಲೆದರ್ ಬಾಲಿಗೆ ಯಾರನ್ನೂ ನಿಲ್ಲಿಸಬೇಡ, ಕೀಪರನ್ನೂ ಅಷ್ಟೇ. ಬ್ಯಾಟು ಅಣ್ಣಂದಿರದ್ದು ಬೇಡ. ಮೇಲೆ ಹಿಡಿಯುವ ಕೈ ಒಂದರಲ್ಲೇ ಬ್ಯಾಟನ್ನು ಮುಂದಕ್ಕೆ ಚಾಚಿ ಹತ್ತು ಎಣಿಸು. ತುದಿ ಕೆಳಗೆ ಬಾಗಿದರೆ ಅದು ನಿನಗೆ ಭಾರ. ಭಾರದ ಬ್ಯಾಟು ತಡವಾಗಿ ಬರುತ್ತದೆ, ಅಡ್ಡವಾಗಿಯೂ ಬರುತ್ತದೆ.

ಎಸೆತದಲ್ಲೇ ನಿಮಗೆ ಹೆಚ್ಚು ಕೆಲಸವಿದೆ. ಹುಡುಗರು ಚಿಕ್ಕಂದಿನಿಂದ ಮಾವಿನಕಾಯಿಗೆ ಕಲ್ಲು ಹೊಡೆದೇ ಕಲಿತಿರುತ್ತಾರೆ, ನಿಮ್ಮಲ್ಲಿ ಅನೇಕರಿಗೆ ಆ ಅಭ್ಯಾಸವಿಲ್ಲ, ಅಷ್ಟೇ ವ್ಯತ್ಯಾಸ. ತಪ್ಪು ಎರಡೇ ಕಡೆ: ಮೊಣಕೈ ಭುಜಕ್ಕಿಂತ ಕೆಳಗಿಳಿಯುತ್ತದೆ, ಎದೆ ಮೊದಲಿನಿಂದಲೇ ಗುರಿಯ ಕಡೆ ತಿರುಗಿರುತ್ತದೆ. ಆಗ ಬರೀ ತೋಳಿನ ಬಲದಲ್ಲಿ ಎಸೆದು ಭುಜ ನೋಯಿಸಿಕೊಳ್ಳುತ್ತಾರೆ. ಬಲಗೈಯವಳಾದರೆ ಬಲ ಮೊಣಕಾಲು ನೆಲಕ್ಕೂರಿ, ಎಡಗಾಲು ಮುಂದಿಟ್ಟು, ಎಡ ಭುಜ ಗುರಿಗೆ ತೋರಿಸಿ, 10 ಮೀಟರ್ ದೂರದ ಜೊತೆಗಾತಿಗೆ ಟೆನಿಸ್ ಬಾಲಿನಲ್ಲಿ ಹದಿನೈದು ಸಲ ಎಸೆಯಲಿ. ಮೊಣಕೈ ಮೇಲೆ ನಿಲ್ಲುವುದು ರೂಢಿಯಾದ ಮೇಲೆ ಎದ್ದು ನಿಂತು, ಒಂದು ಹೆಜ್ಜೆ ಹಾಕಿ, ಸೊಂಟ ತಿರುಗಿಸಿ 20 ಮೀಟರ್. ಬೌಂಡರಿಯಿಂದ ನೇರ ಬಾರದಿದ್ದರೆ ಒಂದು ಪುಟ ಬಿದ್ದು ಬರಲಿ, ಅವಮಾನವೇನಿಲ್ಲ. ಭುಜ ನೋವು ಅಂದವಳಿಗೆ ಆವತ್ತು ಎಸೆತ ಬೇಡ.

ಶಾಲಾ ಪಂದ್ಯಗಳಲ್ಲಿ ಸೋಲಿಸುವುದು ಎದುರಾಳಿಗಿಂತ ವೈಡು (ಬ್ಯಾಟಿಗೆ ಎಟುಕದಷ್ಟು ಪಕ್ಕಕ್ಕೆ ಹೋದ ಚೆಂಡು), ರನೌಟು. 20 ಓವರಿನಲ್ಲಿ 25 ವೈಡ್ ಹಾಕಿದರೆ 25 ರನ್ನಷ್ಟೇ ಅಲ್ಲ, ನಾಲ್ಕು ಓವರಿನ ಮೇಲೊಂದು ಚೆಂಡು ಬಿಟ್ಟಿಯಾಗಿ ಕೊಟ್ಟಂತೆ. ಕಾರಣ ಸಾಮಾನ್ಯವಾಗಿ ರನಪ್. ದಿನಕ್ಕೊಂದು ಜಾಗದಿಂದ ಓಡಿಬಂದು, ಕೊನೆಗೆ ಹೆಜ್ಜೆ ಕೂಡದೆ ತಲೆ ಪಕ್ಕಕ್ಕೆ ವಾಲುತ್ತದೆ. ಆರೆಂಟು ಹೆಜ್ಜೆ ಅಳೆದು ಗೆರೆ ಹಾಕಿಸು. ಶುರುವಿನಲ್ಲಿ 22 ಗಜದ ಬದಲು 18 ಗಜಕ್ಕೆ ಸ್ಟಂಪ್ ನೆಟ್ಟು, ಆರರಲ್ಲಿ ನಾಲ್ಕು ಸರಿಯಾಗಿ ಬಿದ್ದರೆ ಎರಡು ಗಜ ಹಿಂದಕ್ಕೆ ಸರಿಸು. ವೇಗದ ಹುಚ್ಚು ಬೇಡ. ನಮ್ಮ ವಿಜಯಪುರದ ರಾಜೇಶ್ವರಿ ಗಾಯಕ್‌ವಾಡ್ 2017ರ ವಿಶ್ವಕಪ್ಪಿನಲ್ಲಿ ನ್ಯೂಜಿಲೆಂಡ್ ಮೇಲೆ 15 ರನ್ನಿಗೆ ಐದು ವಿಕೆಟ್ ಕಿತ್ತಿದ್ದು ಎಡಗೈ ಸ್ಪಿನ್ನಿನಲ್ಲಿ. ಬೆಳೆಯುವ ವಯಸ್ಸಿನಲ್ಲಿ ವೇಗವಾಗಿ ಹಾಕುವವರಿಗೆ ಬೆನ್ನಿನ ಕೆಳಭಾಗದ ಮೂಳೆ ಬಿರುಕು ಬಿಡುವ ಅಪಾಯವೂ ಇದೆ. ಒಂದೇ ಸಲಕ್ಕೆ ನಾಲ್ಕು ಓವರಿಗಿಂತ ಹೆಚ್ಚು ಕೊಡಬೇಡ.

ಓಟಕ್ಕೆ ಮೂರೇ ಮಾತು: ಎಸ್, ನೋ, ವೇಟ್. ಚೆಂಡು ಮುಂದೆ ಹೋದರೆ ಹೊಡೆದವಳು ಕೂಗಬೇಕು, ಹಿಂದೆ ಹೋದರೆ ಆಚೆ ತುದಿಯವಳು. 'ವೇಟ್' ಅಂದವಳು ಕೂಡಲೇ ಎಸ್ ಅಥವಾ ನೋ ಹೇಳಲೇಬೇಕು. ಹೇಳದೆ ಉಳಿದಾಗಲೇ ಇಬ್ಬರೂ ಒಂದೇ ಕಡೆ ಸೇರುವುದು. ನಾಚಿಕೆಯ ಹುಡುಗಿಗೆ ದನಿ ಬರಬೇಕಾದರೆ ಭಾಷಣ ಸ್ಪರ್ಧೆಗಿಂತ ಇದು ಒಳ್ಳೆಯ ದಾರಿ ಅಂತ ನನ್ನ ಲೆಕ್ಕ.

ಫೀಲ್ಡ್ ಇಡುವಾಗ ಟೀವಿಯಲ್ಲಿ ಕಂಡ, ಕೀಪರ್ ಪಕ್ಕ ಸಾಲಾಗಿ ನಿಲ್ಲುವ ಸ್ಲಿಪ್ಪುಗಳನ್ನು ಮರೆ. ನಿಮ್ಮ ಮಟ್ಟದಲ್ಲಿ ಬ್ಯಾಟಿಗೆ ತಾಗದ ಚೆಂಡು ಕೀಪರ್ ಹಿಂದೆ ಹೋಗಿ ಬೈ ರನ್ನು ಹರಿದುಹೋಗುತ್ತದೆ, ಅಲ್ಲೊಬ್ಬಳು ಲಾಂಗ್ ಸ್ಟಾಪ್ ಇರಲಿ. ಆದರೆ ಲೆಗ್ ಕಡೆ (ಬ್ಯಾಟರ್‌ನ ಬೆನ್ನಿನ ಕಡೆ), ಬ್ಯಾಟರ್ ನಿಂತ ಗೆರೆಯ ಹಿಂದೆ, ಕೀಪರ್ ಬಿಟ್ಟು ಇಬ್ಬರಿಗಿಂತ ಹೆಚ್ಚು ನಿಂತರೆ ನೋಬಾಲ್. ಲಾಂಗ್ ಸ್ಟಾಪ್ ಲೆಗ್ ಕಡೆಗೆ ಸರಿದಿದ್ದರೆ ಅವಳೂ ಲೆಕ್ಕಕ್ಕೆ ಬರುತ್ತಾಳೆ. ಕ್ಯಾಚ್ ಬಿಟ್ಟವಳನ್ನು ದೂರದ ಮೂಲೆಗೆ ಕಳಿಸಬೇಡ, ಮುಂದಿನ ಓವರಿನಲ್ಲೂ ಅಲ್ಲೇ ನಿಲ್ಲಿಸು. ಬೌಲರನ್ನು 'ಯಾರನ್ನು ಎಲ್ಲಿ ನಿಲ್ಲಿಸಲಿ' ಅಂತ ಕೇಳಿ ಆಮೇಲೆ ನೀನು ಬದಲಾಯಿಸು. ಅವಳು ಕೇಳಿದ ಫೀಲ್ಡಿಗೆ ಅವಳೇ ಜವಾಬ್ದಾರಿಯಿಂದ ಹಾಕುತ್ತಾಳೆ.

ಮತ್ತೆ, ಎಲ್ಲ ನೀನೇ ಮಾಡಬೇಡ. ಮೊದಲ ಓವರ್, ಕೊನೆಯ ಓವರ್, ಓಪನಿಂಗ್ ಬ್ಯಾಟಿಂಗ್ ಮೂರೂ ಕ್ಯಾಪ್ಟನ್ನಿನದೇ ಆದ ತಂಡಗಳಲ್ಲಿ ಉಳಿದ ಹತ್ತು ಜನ ಚೆಂಡು ಹೆಕ್ಕುವವರಾಗುತ್ತಾರೆ. ಸ್ಕೋರ್‌ಬುಕ್ ಒಬ್ಬಳಿಗೆ, ಕಿಟ್ ಎಣಿಸುವುದು ಇನ್ನೊಬ್ಬಳಿಗೆ, ವಾರ್ಮಪ್ ಮತ್ತೊಬ್ಬಳಿಗೆ ಕೊಟ್ಟು, ಹದಿನೈದು ದಿನಕ್ಕೊಮ್ಮೆ ಬದಲಿಸು. ವೈಸ್ ಕ್ಯಾಪ್ಟನ್ ಎಂಟನೇ ಕ್ಲಾಸಿನವಳೇ ಆಗಿರಲಿ. ಮುಂದಿನ ವರ್ಷ ನಿನಗೆ ಎಸ್ಸೆಸ್ಸೆಲ್ಸಿ. ನೀನು ಪುಸ್ತಕ ಹಿಡಿದ ದಿನ ತಂಡ ಮುಚ್ಚಿಹೋಗುವಂತಿದ್ದರೆ ಈ ವರ್ಷದ ಕಪ್ ಗೆದ್ದೂ ಏನು ಬಂತು?

ಹುಡುಗಿಯರಿಗೆ ಯಾಕೆ ಕ್ರಿಕೆಟ್ ಅನ್ನುವವರ ಜೊತೆ ವಾದಕ್ಕಿಳಿಯಬೇಡ. 1976ರಲ್ಲಿ ಭಾರತದ ಮಹಿಳೆಯರು ಮೊದಲ ಟೆಸ್ಟ್ ಆಡಿದ್ದು ಬೆಂಗಳೂರಿನಲ್ಲಿ, ಕ್ಯಾಪ್ಟನ್ ಇದೇ ಊರಿನ ಶಾಂತಾ ರಂಗಸ್ವಾಮಿ. 2025ರ ಫೆಬ್ರವರಿಯಲ್ಲಿ ಕ್ವಾಲಾಲಂಪುರದಲ್ಲಿ 19ರ ಒಳಗಿನವರ ವಿಶ್ವಕಪ್ ಎತ್ತಿದ ಕ್ಯಾಪ್ಟನ್ ಕರ್ನಾಟಕದ ನಿಕಿ ಪ್ರಸಾದ್. ಇಷ್ಟು ಹೇಳಿ ಅಭ್ಯಾಸಕ್ಕೆ ಹೋಗು.

ಶನಿವಾರ ಫೋನ್ ಮಾಡಿದಾಗ ನಿನ್ನ ಎತ್ತರ ಅಳೆದು ಹೇಳು, ಬ್ಯಾಟಿನ ಸೈಜ್ ಅದರ ಮೇಲೆ ನಿಂತಿದೆ. ಮಹಿಳೆಯರ ಚೆಂಡು ಎರಡು ಅಪ್ಪನ ಕೈಲಿ ಕಳಿಸುತ್ತೇನೆ.

ನಿನ್ನ
ಅಮ್ಮ