ಹಾಸಿಗೆ ಮೇಲೆ ಒಂದ್ಸಲ ಅವ್ರೂ ಮಲಗ್ಲಿ

ಮಾನ್ಯ ಸಂಪಾದಕರೇ,

ಅಮ್ಮಂಗೆ ಸ್ಟ್ರೋಕ್ ಆಗಿ ಬಲಗೈ ಬಲಗಾಲು ಬಿದ್ದೋಗಿ ಮಾತೂ ನಿಂತ್ಮೇಲೆ ನಮ್ಮನೆಗೆ ಮೂರು ಜನ ಹೋಮ್ ಕೇರ್ ಸಹಾಯಕರು ಬಂದ್ರು. ಮೂವರ ಹತ್ರಾನೂ ಸರ್ಟಿಫಿಕೇಟ್ ಇತ್ತು, ಆದ್ರೆ ಮಲಗಿರೋ ಮನುಷ್ಯರನ್ನ ಮುಟ್ಟೋದು ಹೇಗೆ ಅಂತ ಗೊತ್ತಿದ್ದಿದ್ದು ಒಬ್ರಿಗೆ ಮಾತ್ರ.

ಮೊದಲು ಬಂದ ಹುಡುಗಿ ಕೆಟ್ಟವಳಲ್ಲ, ಚುರುಕಾಗಿದ್ಲು, ನಗುನಗ್ತಾ ಇದ್ಲು. ಆದ್ರೆ ಅಮ್ಮನ್ನ ಎಬ್ಬಿಸಿ ಕೂರಿಸ್ಬೇಕು ಅಂದ್ರೆ ಆ ಬಿದ್ದೋಗಿರೋ ಕೈನೇ ಹಿಡ್ಕೊಂಡು ಎಳೀತಿದ್ಲು. ಸ್ಟ್ರೋಕ್ ಆದ ಕಡೆ ಭುಜದ ಸ್ನಾಯು ಸಡಿಲ ಆಗಿರತ್ತೆ, ಎಳೆದ್ರೆ ಕೀಲು ಜಾರಬಹುದು ಅನ್ನೋದು ನಮಗೂ ಗೊತ್ತಿರ್ಲಿಲ್ಲ, ಹತ್ತು ದಿನದೊಳಗೆ ಭುಜ ಮುಟ್ಟಿದ್ರೆ ಸಾಕು ಅಮ್ಮ ಅಳೋಕೆ ಶುರು ಮಾಡಿದ್ರು, ಮಾತು ಬರಲ್ವಲ್ಲ, ಯಾಕೆ ಅಳ್ತಾರೆ ಅಂತ ಫಿಸಿಯೋಥೆರಪಿಸ್ಟ್ ಬಂದು ನೋಡೋವರೆಗೂ ತಿಳೀಲಿಲ್ಲ. ಆ ಹುಡುಗಿ ವಿಷಯ ಕೇಳಿ ಅಡುಗೆಮನೆಗೆ ಹೋಗಿ ಅತ್ತಳು. ನಿಂಗೆ ಕೋರ್ಸಲ್ಲಿ ಏನೇನು ಹೇಳ್ಕೊಟ್ರಮ್ಮ ಅಂತ ಕೇಳ್ದೆ. ಬಿಪಿ ನೋಡೋದು, ಶುಗರ್ ಚೆಕ್ ಮಾಡೋದು, ಚಾರ್ಟ್ ತುಂಬೋದು, ಉಳಿದಿದ್ದೆಲ್ಲ ವಿಡಿಯೋ. ಮಗ್ಗುಲು ತಿರುಗಿಸೋದನ್ನ ಗೊಂಬೆ ಮೇಲೆ ಒಂದ್ಸಲ ಮಾಡ್ಸಿದ್ರಂತೆ. ಗೊಂಬೆಗೆ ನೋವಾಗತ್ತಾ, ನಾಚಿಕೆ ಆಗತ್ತಾ?

ಎರಡನೆಯವರು ನಾಲ್ಕೇ ದಿನ ಇದ್ರು, ಮೊಬೈಲ್ ಬಿಟ್ಟು ಹೇಳೋಕೆ ಏನೂ ಇಲ್ಲ.

ಮೂರನೆಯವರು ಸ್ವಲ್ಪ ವಯಸ್ಸಾದವರು. ಬಂದವರೇ ಅಮ್ಮನ ಎದುರಿಗೆ ಕೂತು ಕಣ್ಣು ನೋಡ್ಕೊಂಡು ತಮ್ಮ ಹೆಸ್ರು ಹೇಳಿದ್ರು, ಆಮೇಲೆ ಪ್ರತಿಸಲ ಮುಟ್ಟೋ ಮುಂಚೆ ಈಗ ಏನು ಮಾಡ್ತೀನಿ ಅಂತ ಹೇಳೇ ಮುಟ್ಟೋರು. ಹಾಸಿಗೇಲಿ ಕೆಳಗೆ ಜಾರಿದ್ರೆ ಅಮ್ಮನ್ನ ಎಳೆಯೋದಿಲ್ಲ, ಅಮ್ಮನ ಮೈ ಕೆಳಗೆ ಮಡಚಿದ ಬೆಡ್‌ಶೀಟ್ ಹಾಸಿರೋರು, ನನ್ನನ್ನೂ ಕರೆದು ಇಬ್ರೂ ಸೇರಿ ಆ ಶೀಟ್ ಸಮೇತ ಮೇಲಕ್ಕೆ ತರೋದು, ಇಲ್ಲಾಂದ್ರೆ ಚರ್ಮ ಉಜ್ಜಿ ಗಾಯ ಆಗತ್ತಂತೆ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಾಯಿಸೋರು, ಹಿಮ್ಮಡಿ ಬಾಲಮೂಳೆ ಹತ್ರ ಕೆಂಪಾಗಿದ್ರೆ ಬೆರಳಲ್ಲಿ ಒತ್ತಿ ನೋಡೋರು, ಒತ್ತಿದಾಗ ಆ ಕೆಂಪು ಮಾಯ ಆಗ್ಲಿಲ್ಲ ಅಂದ್ರೆ ಹಾಸಿಗೆ ಹುಣ್ಣು ಶುರು ಆಯ್ತು ಅಂತ ಅರ್ಥ. ಬಟ್ಟೆ ಹಾಕೋವಾಗ ಬಿದ್ದ ಕೈ ಮೊದಲು, ಬಿಚ್ಚೋವಾಗ ಅದೇ ಕೊನೆ. ಊಟ ಅಂದ್ರೆ ನೆಟ್ಟಗೆ ಕೂರಿಸಿ, ಗದ್ದ ಸ್ವಲ್ಪ ಕೆಳಗೆ, ಚಿಕ್ಕ ಚಮಚ, ನುಂಗಿದ್ದು ಗಂಟಲಲ್ಲಿ ನೋಡಿ ಆಮೇಲೇ ಮುಂದಿನ ತುತ್ತು, ಮುಗಿದ್ಮೇಲೂ ಅರ್ಧ ಗಂಟೆ ಮಲಗಿಸೋ ಹಾಗಿಲ್ಲ. ಮೈ ಒರೆಸೋವಾಗ ಒರೆಸ್ತಿರೋ ಭಾಗ ಬಿಟ್ಟು ಉಳಿದಿದ್ದೆಲ್ಲ ಮುಚ್ಚಿಯೇ ಇರ್ತಿತ್ತು. ನನಗೆ ಕಣ್ಣಲ್ಲಿ ನೀರು ಬಂದಿದ್ದು ಇದಕ್ಕೆ.

ಎಲ್ಲಿ ಕಲ್ತಿರಿ ಅಂತ ಕೇಳಿದ್ರೆ, ಟ್ರೈನಿಂಗಲ್ಲಿ ನಮ್ಮನ್ನೇ ಮಲಗಿಸ್ತಿದ್ರು ಅಂದ್ರು. ಒಬ್ರು ರೋಗಿ, ಇನ್ನೊಬ್ರು ಸಹಾಯಕಿ. ಅಲುಗಾಡದೆ ಬಿದ್ಕೊಂಡಿರ್ಬೇಕು, ಇನ್ನೊಬ್ರು ಹಲ್ಲುಜ್ಜಬೇಕು, ತಿನ್ನಿಸ್ಬೇಕು, ಹಾಕಿರೋ ಬಟ್ಟೆ ಮೇಲೇನೇ ಡೈಪರ್ ಕಟ್ಟಬೇಕು. "ಬೇರೆಯವ್ರ ಕೈಯಲ್ಲಿರೋ ಚಮಚ ಎಷ್ಟು ಬೇಗ ಬಾಯಿಗೆ ಬರತ್ತೆ ಅಂತ ಅವತ್ತು ಗೊತ್ತಾಯ್ತು" ಅಂದ್ರು.

ನಾನು ಕೇಳ್ತಿರೋದು ಇಷ್ಟೇ, ಪ್ರತಿ ಟ್ರೈನಿಂಗ್ ಸೆಂಟರಲ್ಲೂ ಇದನ್ನ ಕಡ್ಡಾಯ ಮಾಡ್ಲಿ. ಅಮೆರಿಕದಲ್ಲಿ ಮೆಡಿಕೇರ್ ಅನ್ನೋ ಸರ್ಕಾರಿ ಆರೋಗ್ಯ ವಿಮೆ ಅಡಿ ಕೆಲ್ಸ ಮಾಡೋ ಹೋಮ್ ಹೆಲ್ತ್ ಏಡ್‌ಗಳಿಗೆ, ಅಂದ್ರೆ ಮನೆಗೆ ಬಂದು ರೋಗಿನ ನೋಡ್ಕೊಳ್ಳೋ ಸಹಾಯಕರಿಗೆ, ಕನಿಷ್ಠ 75 ಗಂಟೆ ಟ್ರೈನಿಂಗ್ ಅಂತ ಕಾನೂನೇ ಇದೆ, ಅದ್ರಲ್ಲಿ 16 ಗಂಟೆ ಮೇಲ್ವಿಚಾರಕರ ಕಣ್ಣೆದುರಿಗೆ ಕೈಯಾರೆ ಮಾಡಿ ಕಲೀಬೇಕು. ನನ್ನ ಕೇಳಿದ್ರೆ ಆ 16 ಕೂಡ ಕಮ್ಮಿನೇ.

ಕರುಣೆ ಹುಟ್ಟಿನಿಂದ ಬರ್ಬೇಕು, ಕಲಿಸಿದ್ರೆ ಬರಲ್ಲ ಅನ್ನೋರು ತುಂಬಾ ಜನ ಇದಾರೆ. ನಾನು ಒಪ್ಪಲ್ಲ. ಅಡುಗೆಮನೇಲಿ ಅತ್ತ ಆ ಹುಡುಗಿಗೆ ಕರುಣೆ ಇರ್ಲಿಲ್ವಾ? ಮನಸ್ಸಲ್ಲಿತ್ತು, ಕೈಗೆ ಇಳಿದಿರ್ಲಿಲ್ಲ, ಇಳಿಸೋ ಕೆಲ್ಸ ಕಲಿಸೋರದ್ದು. ಹಾಗೇ ಸಹಾಯಕರ ಬೆನ್ನು ಕೂಡ ಬೆನ್ನೇ ಅಲ್ವಾ, ಮಂಡಿ ಬಗ್ಗಿಸಿ ರೋಗಿಗೆ ಹತ್ರ ನಿಂತು ಎತ್ತೋದು ಹೇಳ್ಕೊಡದೆ ಕಳಿಸಿದ್ರೆ ಕೆಲವೇ ವರ್ಷದಲ್ಲಿ ಅವ್ರೇ ಹಾಸಿಗೆ ಹಿಡೀತಾರೆ, ಇನ್ನು ಹಗಲೂ ರಾತ್ರಿ ಒಬ್ರನ್ನೇ ಇಟ್ಕೊಂಡು ನಿದ್ದೆ ಕೊಡದೆ ಪಾತ್ರೆನೂ ತೊಳಿಸೋ ನಮ್ಮಂಥ ಮನೆಯವ್ರ ಬಗ್ಗೆ ಇನ್ನೊಂದು ಪತ್ರ ಬರೀಬೇಕಾಗತ್ತೆ ಬಿಡಿ.

ಏಜೆನ್ಸಿಗೆ ಫೋನ್ ಮಾಡೋರು ಸಂಬಳ ಎಷ್ಟು, ಯಾವತ್ತಿಂದ ಬರ್ತಾರೆ ಅಂತ ಕೇಳೋ ಮುಂಚೆ ಇವ್ರು ಎಷ್ಟು ಗಂಟೆ ಜೀವ ಇರೋ ಮನುಷ್ಯರ ಮೇಲೆ ಕಲ್ತಿದಾರೆ ಅಂತ ಕೇಳಿ ದಯವಿಟ್ಟು. ನಾನು ಮೊದಲನೇ ಸಲ ಕೇಳಿರ್ಲಿಲ್ಲ.

ಇಂತಿ,
ನಿಮ್ಮ ಓದುಗ