ಗಡಿ ದಾಟಿ ಬರುವ ಹಳೆ ಕಾರು: ಬೆಲೆಗಿಂತ ಮೊದಲು ಎನ್‌ಒಸಿ

ಮಾನ್ಯ ಸಂಪಾದಕರೇ,

ತಲಪಾಡಿ ಗಡಿಯ ಆಚೆ ಕರ್ನಾಟಕದಲ್ಲಿ ಹಳೆ ಕಾರು ಅಗ್ಗಕ್ಕೆ ಸಿಗುತ್ತದೆಂದು ಮಂಜೇಶ್ವರ, ಉಪ್ಪಳ, ಕುಂಬಳೆ, ಬದಿಯಡ್ಕ ಕಡೆಯವರು ಮಂಗಳೂರಿಗೆ ಹೋಗಿ ಮುಂಗಡ ಕೊಟ್ಟು ಬರುವುದುಂಟು. ಆ ಅಗ್ಗದ ಲೆಕ್ಕದಲ್ಲಿ ಕೇರಳದ ತೆರಿಗೆ ಸೇರಿರುವುದಿಲ್ಲ. ಮಂಗಳೂರಿನ ಕೆಎ-19 ಕಾರಿಗೆ ಕಾಸರಗೋಡಿನ ಕೆಎಲ್-14 ನಂಬರು ಬೇಕಾದರೆ, ಕಾರು ಹೊಸದಿದ್ದಾಗಿನ ಬೆಲೆ ಮತ್ತು ಈಗಿನ ವಯಸ್ಸು ನೋಡಿ ತೆರಿಗೆ ಹಾಕುತ್ತಾರೆ. ನೀವು ಚೌಕಾಸಿ ಮಾಡಿ ಇಳಿಸಿದ ಬೆಲೆ ಅಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಆರ್‌ಸಿ ನಕಲು ಹಿಡಿದು ಕಾಸರಗೋಡಿನ ಸಾರಿಗೆ ಕಚೇರಿಯಲ್ಲಿ ತೆರಿಗೆ ಎಷ್ಟಾಗುತ್ತದೆಂದು ಕೇಳಿ, ಅದನ್ನು ಕೂಡಿಸಿದ ಮೇಲೂ ಅಗ್ಗವಾದರೆ ಮಾತ್ರ ಮಾತುಕತೆಗೆ ಕೂರಿ. ಕರ್ನಾಟಕದಲ್ಲಿ ಕಟ್ಟಿದ ಜೀವಿತಾವಧಿ ತೆರಿಗೆಯಲ್ಲಿ ಉಳಿದ ಅವಧಿಯ ಪಾಲನ್ನು ಮರಳಿ ಕೇಳಲು ಅವಕಾಶವಿದೆ. ಆ ಹಣ ಯಾರಿಗೆ ಸೇರಬೇಕೆಂಬುದನ್ನು ಕರಾರುಪತ್ರದಲ್ಲೇ ಬರೆಸಿಕೊಳ್ಳಿ.

ಎನ್‌ಒಸಿ (ಮಾರುವವರ ಸಾರಿಗೆ ಕಚೇರಿ ಕೊಡುವ ನಿರಾಕ್ಷೇಪಣಾ ಪತ್ರ) ಇಲ್ಲದೆ ಪೂರ್ತಿ ಹಣ ಕೊಡುವುದೇ ಹೆಚ್ಚಿನ ತಕರಾರುಗಳ ಮೂಲ. ಮಾರುವವರು ತಮ್ಮ ಸಾರಿಗೆ ಕಚೇರಿಗೆ ಫಾರಂ 28ರಲ್ಲಿ ಅರ್ಜಿ ಹಾಕಬೇಕು. ಅದರಲ್ಲಿ ಚಾಸಿ ನಂಬರಿನ ಪೆನ್ಸಿಲ್ ಅಚ್ಚು ಬೇಕು. ನಂಬರು ತುಕ್ಕು ತಿಂದು ಅಳಿಸಿದ್ದರೆ ಅಲ್ಲೇ ಕೆಲಸ ಕೆಡುತ್ತದೆ, ಆದ್ದರಿಂದ ಕಾರು ನೋಡಲು ಹೋದಾಗಲೇ ಬಿಳಿ ಹಾಳೆ ಇಟ್ಟು ಅಚ್ಚು ತೆಗೆದು ಆರ್‌ಸಿಯೊಂದಿಗೆ ಹೋಲಿಸಿ ನೋಡಬೇಕು. ಬ್ಯಾಂಕ್ ಸಾಲ ತೀರಿದ್ದರೂ ಆರ್‌ಸಿಯಲ್ಲಿ ಸಾಲದ ನಮೂದು ಹಾಗೇ ಉಳಿದಿರಬಹುದು. ಅದನ್ನು ತೆಗೆಸಲು ಬ್ಯಾಂಕಿನ ಪತ್ರ ಮತ್ತು ಫಾರಂ 35 ಬೇಕು. ಬಾಕಿ ಇ-ಚಲನ್‌ಗಳನ್ನು ಎರಡೂ ರಾಜ್ಯಗಳಲ್ಲಿ ನೋಡಬೇಕು, ಗಡಿ ಭಾಗದ ಕಾರು ಎರಡೂ ಕಡೆ ಓಡಿರುತ್ತದೆ.

“ಒಂದು ವರ್ಷ ಕೆಎ ನಂಬರಿನಲ್ಲೇ ಓಡಿಸಬಹುದು” ಎಂದು ಬ್ರೋಕರ್‌ಗಳು ಹೇಳುವುದಿದೆ. ಮೋಟಾರು ವಾಹನ ಕಾಯ್ದೆಯ 47ನೇ ಕಲಂನ 12 ತಿಂಗಳು, ತನ್ನದೇ ಕಾರನ್ನು ಬೇರೆ ರಾಜ್ಯದಲ್ಲಿ ಇಟ್ಟುಕೊಂಡ ಮಾಲೀಕನಿಗೆ ಸಂಬಂಧಿಸಿದ್ದು. ಕಾರು ಕೊಂಡವರಿಗೆ 50ನೇ ಕಲಂ ಅನ್ವಯಿಸುತ್ತದೆ: 30 ದಿನಗಳೊಳಗೆ ತನ್ನ ಊರಿನ ಸಾರಿಗೆ ಕಚೇರಿಗೆ ತಿಳಿಸಬೇಕು. ಮಾರುವವರು ಮಾಲೀಕತ್ವ ವರ್ಗಾವಣೆಯ ಖಾಲಿ ಫಾರಂ 29, 30ಕ್ಕೆ ಸಹಿ ಹಾಕಿ ಕೈತೊಳೆದುಕೊಂಡರೆ ಅವರಿಗೂ ಅಪಾಯ ತಪ್ಪಿದ್ದಲ್ಲ. ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಅಪಘಾತ ಪರಿಹಾರಕ್ಕೆ ಹೊಣೆ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ವಿಮೆಯನ್ನು ಹೆಸರಿಗೆ ಮಾಡಿಕೊಳ್ಳಲು 14 ದಿನಗಳ ಗಡುವಿದೆ. ನೋ ಕ್ಲೇಮ್ ಬೋನಸ್ (ವಿಮೆ ಪರಿಹಾರ ಕೇಳದಿದ್ದಕ್ಕೆ ಸಿಗುವ ರಿಯಾಯಿತಿ) ಹಳೆ ಮಾಲೀಕರ ಜೊತೆಗೇ ಹೋಗುವುದರಿಂದ ನಿಮ್ಮ ವಿಮೆ ಕಂತು ಏರುತ್ತದೆ.

ಇನ್ನು ಕಾರಿನ ವಿಷಯ. ನಮ್ಮ ಕರಾವಳಿಯ ಕಾರಿಗೆ ಮೊದಲ ಶತ್ರು ತುಕ್ಕು. ಕಡಲ ಗಾಳಿಯ ಉಪ್ಪು, ನಾಲ್ಕು ತಿಂಗಳ ಮಳೆ, ಚಕ್ರದ ಕಮಾನಿನೊಳಗೆ ಅಂಟಿಕೊಂಡು ಒಣಗದೆ ಉಳಿಯುವ ಮುರಕಲ್ಲಿನ ಕೆಸರು, ಮೂರೂ ಸೇರಿ ತಗಡನ್ನು ಒಳಗಿನಿಂದ ತಿನ್ನುತ್ತವೆ. ಬಾಗಿಲಿನ ತಳದಂಚಿನಲ್ಲಿ ನೀರು ಹೋಗಲು ಸಣ್ಣ ತೂತುಗಳಿರುತ್ತವೆ. ಅಲ್ಲಿ ಎಲೆಪುಡಿ ಕಟ್ಟಿದರೆ ನೀರು ನಿಂತು ಬಣ್ಣ ಗುಳ್ಳೆಯೇಳುತ್ತದೆ. ಆ ಅಂಚಿನ ಉದ್ದಕ್ಕೂ ಬೆರಳಾಡಿಸಿ. ಬಾಗಿಲ ಕೆಳಗಿನ ಪಟ್ಟಿಯನ್ನೂ ಜಾಕ್ ಇಡುವ ಜಾಗವನ್ನೂ ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿ ನೋಡಿ. ಗಟ್ಟಿ ತಗಡು ಠಣ್ ಎನ್ನುತ್ತದೆ, ಕೊಳೆತದ್ದು ಮೊದ್ದಾಗಿ ಸದ್ದು ಮಾಡುತ್ತದೆ. ಜಾಕ್ ಇಟ್ಟಾಗ ಆ ಜಾಗ ಕುಸಿದರೆ ಆ ಕಾರು ಬೇಡ. ಹಳೆ ಕಾರಿನ ಅಡಿಗೆ ಹೊಳೆಯುವ ಹೊಸ ಕಪ್ಪು ಕೋಟಿಂಗ್ ಕಂಡರೆ ಅನುಮಾನಪಡಿ, ಅದರಡಿ ತುಕ್ಕು ಅಡಗಿರಬಹುದು.

ಬಟ್ಟೆ ಸುತ್ತಿದ ಅಯಸ್ಕಾಂತ ತಗಡಿನಲ್ಲಿ ಒಂದು ಕಡೆ ಅಂಟಿ ಪಕ್ಕದಲ್ಲೇ ಜಾರಿದರೆ ಅಲ್ಲಿ ಪುಟ್ಟಿ ತುಂಬಿದ್ದಾರೆ. ಬಾನೆಟ್, ಮಡ್‌ಗಾರ್ಡ್ ಬೋಲ್ಟ್‌ಗಳ ಬಣ್ಣ ಎದ್ದಿದ್ದರೆ ಅವನ್ನು ಬಿಚ್ಚಿ ಹಾಕಿದ್ದಾರೆ. 2018, 2019ರ ನೆರೆಯಲ್ಲಿ ಕೇರಳ, ಕೊಡಗಿನಲ್ಲಿ ಮುಳುಗಿದ ಕಾರುಗಳು ಮಾರುಕಟ್ಟೆಗೆ ಬಂದಿರಬಹುದೆಂಬ ಎಚ್ಚರ ಇರಲಿ. ಸೀಟು ಬೆಲ್ಟನ್ನು ಕೊನೆಯವರೆಗೂ ಎಳೆದರೆ, ತೊಳೆಯಲು ಮರೆತ ಕೆಸರಿನ ಗೆರೆ ಕಾಣುತ್ತದೆ. ಸೀಟಿನ ಹಳಿಯ ತುಕ್ಕು, ಸ್ಟೆಪ್ನಿ ಗುಂಡಿಯ ಹೂಳು, ವೈರಿಂಗ್ ಕನೆಕ್ಟರ್‌ಗಳಲ್ಲಿ ಹಸಿರು ಕಿಲುಬು ಕೂಡ ಅದೇ ಕಥೆ ಹೇಳುತ್ತವೆ. ಅಂಥ ಕಾರು ಈಗ ಚೆನ್ನಾಗಿ ಓಡಿದರೂ ತಿಂಗಳುಗಳ ಮೇಲೆ ಎಲೆಕ್ಟ್ರಿಕಲ್ ತೊಂದರೆ ಕೊಡತೊಡಗುತ್ತದೆ.

ಎಂಜಿನ್ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿ. ನೀವು ಹೋಗುವ ಮೊದಲೇ ಬಾನೆಟ್ ಬಿಸಿಯಾಗಿದ್ದರೆ ಇನ್ನೊಂದು ದಿನ ಹೋಗಿ. ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ. ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ, ಆಯಿಲ್ ಮುಚ್ಚಳದಡಿ ಹಾಲಿನಂಥ ನೊರೆ ಇದ್ದರೆ, ಹೆಡ್ ಗ್ಯಾಸ್ಕೆಟ್ (ಎಂಜಿನ್ ಹೆಡ್ಡಿನಡಿಯ ಸೀಲು) ಹೋಗಿರಬಹುದು. ಏರಿನಲ್ಲಿ ಮೂರನೇ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿದಾಗ ಎಂಜಿನ್ ಸದ್ದು ಏರಿ ವೇಗ ಏರದಿದ್ದರೆ ಕ್ಲಚ್ ತೀರಿದೆ. ಕಾರಿನ ಕಂಪ್ಯೂಟರ್ ಓದುವ ಸ್ಕ್ಯಾನರ್ ಜೋಡಿಸಿದಾಗ ದೋಷದ ಕೋಡ್ ಅಳಿಸಿದ ಮೇಲೆ ಎಷ್ಟು ಕಿ.ಮೀ. ಓಡಿದೆಯೆಂಬುದನ್ನೂ ನೋಡಿ, ಬರೀ 20 ಎಂದಿದ್ದರೆ ನಿಮಗೆ ತೋರಿಸಲೆಂದೇ ಅಳಿಸಿದ್ದಾರೆ. ಟೈರಿನ ಮೇಲಿನ ನಾಲ್ಕು ಅಂಕಿಗಳಲ್ಲಿ 2323 ಎಂದರೆ 2023ರ 23ನೇ ವಾರ. ಓಡಿದ್ದು 25,000 ಕಿ.ಮೀ. ಎನ್ನುವ 2019ರ ಕಾರಿಗೆ ನಾಲ್ಕೂ ಟೈರು 2023ರವಾದರೆ ಮೀಟರ್ ತಿರುಗಿಸಿರಬಹುದು. ಸರ್ವಿಸ್ ದಾಖಲೆ ಕೇಳಿ, ಪೆಡಲ್ ರಬ್ಬರಿನ ಸವೆತ ನೋಡಿ.

15 ವರ್ಷದ ಹೊಸ್ತಿಲಲ್ಲಿರುವ ಕಾರು ಇನ್ನಷ್ಟು ದುಬಾರಿ. 2022ರ ಏಪ್ರಿಲ್‌ನಿಂದ ನೋಂದಣಿ ನವೀಕರಣ ಶುಲ್ಕ 600 ರೂಪಾಯಿಯಿಂದ 5,000ಕ್ಕೆ ಏರಿದೆ, ಹಳೆ ವಾಹನಗಳ ಮೇಲೆ ಕೇರಳ ಹಾಕುವ ಹಸಿರು ತೆರಿಗೆ ಬೇರೆ.

ಕಾಸರಗೋಡಿನ ಸಾರಿಗೆ ಕಚೇರಿಗೆ ನಮ್ಮ ಕೋರಿಕೆ: ಹೊರರಾಜ್ಯದ ಕಾರಿಗೆ ಬೇಕಾಗುವ ಫಾರಂಗಳು, ತೆರಿಗೆ ಲೆಕ್ಕ ಹಾಕುವ ಕ್ರಮ ಮತ್ತು ಗಡುವುಗಳನ್ನು ಕನ್ನಡದಲ್ಲೂ ಬರೆದು ಕೌಂಟರಿನ ಪಕ್ಕ ಫಲಕ ಹಾಕಬೇಕು. ಮಲಯಾಳ ಓದಲಾಗದ ಹಿರಿಯರು ಅದೊಂದೇ ಕಾರಣಕ್ಕೆ ಬ್ರೋಕರ್ ಹೇಳಿದಷ್ಟು ಹಣ ಎಣಿಸುವಂತಾಗಬಾರದು.

— ವಾಹನ ದುರಸ್ತಿ ವೃತ್ತಿಯವರು, ಕುಂಬಳೆ